ಪ್ರಶ್ನೆ ಇಂಗ್ಲಿಷಿನದು, ಉತ್ತರ ಕನ್ನಡದ್ದು

ಕನ್ನಡದಲ್ಲಿ ಪ್ರಶ್ನೆಯು ಮಾತಿನ ತುದಿಯಲ್ಲಿ ನೆಲೆಸಿದೆ. ‘ಅವನು ಬಂದನು’ ಎಂಬುದು ತುದಿಯ ಒಂದು ಸ್ವರ ಬದಲಾದ ಮಾತ್ರಕ್ಕೆ ‘ಅವನು ಬಂದನೇ’ ಎಂದಾಗುತ್ತದೆ. ಪದಗಳು ತಮ್ಮ ಸ್ಥಾನದಿಂದ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ಸ್ಥಾನಪಲ್ಲಟವೇ ಪ್ರಶ್ನೆಯ ಲಕ್ಷಣ. ‘ಹಿ ಈಸ್ ಹಿಯರ್’ ಎಂಬುದು ‘ಈಸ್ ಹಿ ಹಿಯರ್’ ಆಗಬೇಕು. ಸಹಾಯಕ ಕ್ರಿಯಾಪದವಿಲ್ಲದ ವಾಕ್ಯವಾದರೆ ಮುಂದೆ ನಿಲ್ಲಲು ‘ಡೂ’ ಎಂಬುದನ್ನು ಹೊರಗಿನಿಂದ ಕರೆತರಬೇಕು. ಅದು ಬಂದೊಡನೆ ಕಾಲಸೂಚನೆಯ ಭಾರವೆಲ್ಲ ಅದರ ಮೇಲೆ. ಆದುದರಿಂದಲೇ ‘ಡಿಡ್ ಹಿ ಕಮ್’ ಸರಿ, ‘ಡಿಡ್ ಹಿ ಕೇಮ್’ ತಪ್ಪು. ಈ ‘ಡೂ’ ಮೊದಲಿನಿಂದ ಕಡ್ಡಾಯವಾಗಿದ್ದುದಲ್ಲ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಮುಖ್ಯ ಕ್ರಿಯಾಪದವನ್ನೇ ಕರ್ತೃವಿನ ಮುಂದಿಟ್ಟು ಕೇಳಿದ ಪ್ರಶ್ನೆಗಳು ಅನೇಕ.

ಇಷ್ಟನ್ನು ಶಾಲೆಯಲ್ಲಿ ಕಲಿಸುತ್ತಾರೆ. ಕಲಿಸದೆ ಉಳಿಯುವುದು ಉತ್ತರ, ತೊಡಕಿರುವುದೂ ಅಲ್ಲಿಯೇ.

ಹೊರದೇಶದಲ್ಲಿ ನೆಲೆಸಿದ ಮಗಳ ಮನೆಗೆ ಹೋದ ಹಿರಿಯ ತಾಯಿಯೊಬ್ಬರನ್ನು ಅಲ್ಲಿಯ ವೈದ್ಯರು ‘ಡಿಡಂಟ್ ಯು ಟೇಕ್ ದ ಟ್ಯಾಬ್ಲೆಟ್’ ಎಂದು ಕೇಳುತ್ತಾರೆನ್ನೋಣ. ‘ಗುಳಿಗೆ ತೆಗೆದುಕೊಳ್ಳಲಿಲ್ಲವೇ’ ಎಂದು ಮನಸ್ಸಿನಲ್ಲಿಯೇ ಕನ್ನಡಿಸಿಕೊಂಡ ಆ ತಾಯಿ ‘ಯೆಸ್’ ಎನ್ನುತ್ತಾರೆ. ಅವರ ಭಾವ ‘ಹೌದು, ತೆಗೆದುಕೊಳ್ಳಲಿಲ್ಲ’ ಎಂದು. ವೈದ್ಯರ ಕಿವಿಗೆ ಬೀಳುವುದು ‘ತೆಗೆದುಕೊಂಡೆ’ ಎಂದು! ಕನ್ನಡದ ‘ಹೌದು’ ಕೇಳಿದವರ ಮಾತಿಗೆ ಒಪ್ಪಿಗೆ ನೀಡುತ್ತದೆ. ಇಂಗ್ಲಿಷಿನ ‘ಯೆಸ್’ ಕೇಳಿದವರನ್ನು ನೋಡದೆ, ಕಾರ್ಯವು ನಡೆಯಿತೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತದೆ. ಹೀಗೆ ಬಿಟ್ಟುಹೋದ ರಕ್ತದೊತ್ತಡದ ಗುಳಿಗೆಯು ಸೇವಿಸಿದ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಂತಹ ಕಡೆ ‘ಯೆಸ್’, ‘ನೋ’ಗಳನ್ನು ನೆಚ್ಚದೆ ‘ಐ ಡಿಡಂಟ್ ಟೇಕ್ ಇಟ್’ ಎಂದು ಪೂರ್ಣ ವಾಕ್ಯವನ್ನೇ ನುಡಿಯುವುದು ಕ್ಷೇಮ. ‘ಡು ಯು ಮೈಂಡ್’ ಎಂಬ ಸೌಜನ್ಯದ ಪ್ರಶ್ನೆಯೂ ಇದೇ ಜಾತಿಯದು. ಅದು ಕೇಳುವುದು ಆಕ್ಷೇಪಣೆಯನ್ನು. ಒಪ್ಪಿಗೆಯಿದ್ದವರು ‘ನೋ’ ಎನ್ನಬೇಕು.

ಇಂಗ್ಲಿಷಿನವರಿಗೂ ಈ ತೊಡಕಿನ ಅರಿವು ಒಂದು ಕಾಲಕ್ಕೆ ಇದ್ದಿತು. ನೇರ ಪ್ರಶ್ನೆಗೆ ‘ಯೇ’ ಅಥವಾ ‘ನೇ’, ನಿಷೇಧರೂಪದ ಪ್ರಶ್ನೆಗೆ ‘ಯೆಸ್’ ಅಥವಾ ‘ನೋ’ ಎಂದು ಅವರಲ್ಲಿ ನಾಲ್ಕು ಉತ್ತರಗಳಿದ್ದವು. ಬೈಬಲ್ಲನ್ನು ಅನುವಾದಿಸಿದ ವಿಲಿಯಂ ಟಿಂಡೇಲನು ‘ನೇ’ ಇರಬೇಕಾದಲ್ಲಿ ‘ನೋ’ ಬರೆದನೆಂದು 1530ರ ದಶಕದಲ್ಲಿ ಸರ್ ಥಾಮಸ್ ಮೋರನು ಖಂಡಿಸಿದನು. ಅಷ್ಟು ದೊಡ್ಡ ವಿದ್ವಾಂಸರೇ ಜಗಳವಾಡಿದ ಜಾಗದಲ್ಲಿ ಕನ್ನಡದ ತಾಯಿ ತಡವರಿಸಿದರೆ ನಗುವುದು ಸಲ್ಲದು. ಕಾಲಕ್ರಮದಲ್ಲಿ ‘ಯೇ’, ‘ನೇ’ಗಳು ದಿನಬಳಕೆಯಿಂದ ಸರಿದವು, ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮತ ಹಾಕುವಾಗ ಇಂದಿಗೂ ಕೇಳಿಬರುತ್ತವೆ.