ಗೊಡಚಿನಮಲ್ಕಿಯ ಕಣಿವೆಯಲ್ಲಿ ಒಂದು ಮುಂಜಾನೆ

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಸಹೋದರಿಯರೇ, ನಿಮ್ಮಲ್ಲಿ ಎಷ್ಟು ಮಂದಿ ಗೋಕಾಕ ಜಲಪಾತವನ್ನು ನೋಡಿದ್ದೀರಿ? ಪ್ರತಿವರ್ಷ ತರಗತಿಯಲ್ಲಿ ಈ ಪ್ರಶ್ನೆ ಕೇಳುತ್ತೇನೆ. ಹುಡುಗರು ಕೈ ಎತ್ತುತ್ತಾರೆ. ಹುಡುಗಿಯರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಘಟಪ್ರಭಾ ಅಲ್ಲಿ 52 ಮೀಟರ್ ಎತ್ತರದಿಂದ ಧುಮುಕುತ್ತದೆ ಎಂಬುದು ಅವರಿಗೆ ಬಾಯಿಪಾಠ, ಕಂಡದ್ದು ಮಾತ್ರ ಚಿತ್ರದಲ್ಲಿ. ಶಾಲಾ ಪ್ರವಾಸಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಹಿಂಜರಿಯುತ್ತಾರೆ. ಆ ಹಿಂಜರಿಕೆ ನನಗೂ ಅರ್ಥವಾಗುತ್ತದೆ. ಆದರೆ ಕಳಿಸಲಾಗದಿದ್ದರೆ ನಾವೇ ಕರೆದುಕೊಂಡು ಹೋಗಬಹುದಲ್ಲವೇ?

ದಾರಿ ಬಹಳ ದೂರವೇನಲ್ಲ. ಕಾಗವಾಡ ತಾಲ್ಲೂಕಿನ ಶೇಡಬಾಳ, ಉಗಾರದಲ್ಲಿ ರೈಲು ಹತ್ತಿದರೆ ಕುಡಚಿ, ರಾಯಬಾಗ ದಾಟಿ ಘಟಪ್ರಭಾ ನಿಲ್ದಾಣ ಬರುತ್ತದೆ. ಗೋಕಾಕ ಜಲಪಾತ ಕುದುರೆ ಲಾಳದ ಆಕಾರದಲ್ಲಿದೆ. ಅದೇ ನೀರಿನ ಬಲದಿಂದ 1887ರಲ್ಲೇ ಇಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಆದರೆ ಮಳೆಗಾಲದ ಭಾನುವಾರಗಳಂದು ಅಲ್ಲಿ ನೀರಿಗಿಂತ ಜನವೇ ಹೆಚ್ಚು. ಹೆಂಗಸರಿಗೆ ನಿರಾಳವಾಗಿ ನಿಲ್ಲಲು ಜಾಗ ಸಿಗುವುದಿಲ್ಲ. ಆದ್ದರಿಂದ ನಾನು ಹೇಳುವುದು ಗೊಡಚಿನಮಲ್ಕಿಗೆ ಹೋಗಿ ಎಂದು.

ಇದು ಗೋಕಾಕದಿಂದ ಸುಮಾರು 15 ಕಿ.ಮೀ. ದೂರದಲ್ಲಿ ಮಾರ್ಕಂಡೇಯ ನದಿಯ ಮೇಲಿದೆ. ಫಜ್ರ್ ನಮಾಝ್ ಮುಗಿಸಿದ ಕೂಡಲೇ ಮನೆ ಬಿಡಿ. ಬಿಸಿಲೇರಿದರೆ ಆ ಬಂಡೆಗಳ ಮೇಲೆ ಕಾಲಿಡುವುದೇ ಕಷ್ಟ. ನಮ್ಮ ಹೊಲಗಳ ಕರಿಮಣ್ಣು ಅಲ್ಲಿಲ್ಲ. ಕುರುಚಲು ಗಿಡಗಳ ನಡುವೆ ಮರಳುಗಲ್ಲಿನ ಒರಟು ದಾರಿ, ಎರಡೂ ಕಡೆ ಪದರ ಪದರವಾಗಿ ನಿಂತ ಬಂಡೆಗಳು. ನಡೆಯುತ್ತ ಹೋದಂತೆ ಮೊದಲು ಸದ್ದು ಕೇಳಿಸುತ್ತದೆ. ನೀರು ಕಣ್ಣಿಗೆ ಬೀಳುವುದು ತಡವಾಗಿ. ನನ್ನ ಜೊತೆ ಬಂದಿದ್ದ ಅತ್ತೆಯವರು ಆ ಸದ್ದು ಕೇಳಿ, "ಗಿರಣಿ ಐತೇನ ಇಲ್ಲಿ?" ಎಂದು ಕೇಳಿದ್ದರು. ನದಿ ಒಮ್ಮೆ ಸುಮಾರು 25 ಮೀಟರ್ ಕೆಳಕ್ಕೆ ಬಿದ್ದು, ಕಲ್ಲಿನ ಕಣಿವೆಯಲ್ಲಿ ಸ್ವಲ್ಪ ದೂರ ಹರಿದು, ಮತ್ತೊಮ್ಮೆ ಧುಮುಕುತ್ತದೆ. ಮೊಣಕಾಲು ನೋವಿನ ಹಿರಿಯರು ಮೊದಲನೆಯದನ್ನು ನೋಡಿ ಕುಳಿತರೆ ಸಾಕು. ಅತ್ತೆಯವರೂ ಹಾಗೆಯೇ ಮಾಡಿದರು. ಮಕ್ಕಳು ಕರೆದರೂ ಏಳಲಿಲ್ಲ. ಬುರ್ಖಾದ ಅಂಚು ಒದ್ದೆಯಾದದ್ದೂ ಅವರಿಗೆ ತಿಳಿಯಲಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ನೀರಿಗೆ ಇಳಿಯಬೇಡಿ, ಮಕ್ಕಳನ್ನೂ ಇಳಿಸಬೇಡಿ. ಪಾಚಿ ಹಿಡಿದ ಬಂಡೆ ಒಣಗಿದಂತೆ ಕಂಡರೂ ಜಾರುತ್ತದೆ. ನಿಮ್ಮ ತಲೆಯ ಮೇಲೆ ಮೋಡವಿಲ್ಲದಿದ್ದರೂ ಮೇಲ್ಗಡೆ ಮಳೆಯಾದರೆ ಹರಿವು ಏಕಾಏಕಿ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣದೊಳಕ್ಕೇ ನುಗ್ಗಿದ ನೀರನ್ನು ನಾವು ಮರೆತಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಅಂಚಿಗೆ ಹೋಗುವ ಹುಡುಗರನ್ನು ಕೈಹಿಡಿದು ಹಿಂದಕ್ಕೆ ಎಳೆಯಿರಿ, ಅವರು ಮುನಿಸಿಕೊಂಡರೂ ಸರಿಯೇ. ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳು ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹೋದರೆ ಬರಿಯ ಕಲ್ಲನ್ನು ನೋಡಿ ಬರಬೇಕಾದೀತು.

ಅಡುಗೆಯ ಪಾತ್ರೆಗಳನ್ನು ಹೊತ್ತೊಯ್ಯಬೇಡಿ. ಗಂಡಸರು ಜಲಪಾತ ನೋಡುತ್ತಿರುವಾಗ ಹೆಂಗಸರು ಮೂರು ಕಲ್ಲಿಟ್ಟು ಬಿರಿಯಾನಿ ಬೇಯಿಸುವುದಾದರೆ ಮನೆಯಲ್ಲಿ ಇದ್ದುದೇ ವಾಸಿ. ರಾತ್ರಿಯೇ ಸಜ್ಜಿ ರೊಟ್ಟಿ ಬಡಿದಿಟ್ಟುಕೊಳ್ಳಿ, ಜೊತೆಗೆ ಶೇಂಗಾ ಚಟ್ನಿ, ಸಾಕಷ್ಟು ಕುಡಿಯುವ ನೀರು. ಸಿಹಿ ಬೇಕೆಂದವರಿಗೆ ಮರಳುವಾಗ ಗೋಕಾಕದ ಕರದಂಟು ಇದ್ದೇ ಇದೆ. ಹುರಿದ ಅಂಟು, ಬೆಲ್ಲ, ಒಣಹಣ್ಣು ಸೇರಿಸಿ ಮಾಡುವ ಆ ತಿನಿಸನ್ನು ಬಾಣಂತಿಯರಿರುವ ಮನೆಗಳಿಗೂ ಒಂದು ಪೊಟ್ಟಣ ತನ್ನಿ.