ಹತ್ತುವಾಗಿನ ಉಸಿರು

ಒಲೆಯ ಮೇಲಿನ ಅನ್ನದ ಪಾತ್ರೆಗೆ ಬಿಗಿಯಾಗಿ ಮುಚ್ಚಳವಿಟ್ಟರೆ ಏನಾಗುವುದೆಂಬುದನ್ನು ಯಾವ ವಿದ್ಯಾರ್ಥಿಗೂ ನಾವು ಹೇಳಿಕೊಡಬೇಕಾಗಿಲ್ಲ. ಒಳಗಿನ ಆವಿಯು ಮುಚ್ಚಳವನ್ನೆತ್ತಿ, ಗಂಜಿಯನ್ನೂ ತನ್ನೊಡನೆ ಹೊರಕ್ಕೆ ತಳ್ಳಿಕೊಂಡು ಬರುತ್ತದೆ. ಮುಚ್ಚಳವನ್ನು ಒಂದಿಷ್ಟು ಓರೆಮಾಡಿದರೆ ಆವಿ ತನ್ನ ದಾರಿ ಹಿಡಿದು ಹೋಗುವುದು. ಗಂಜಿ ಪಾತ್ರೆಯಲ್ಲಿಯೇ ಉಳಿಯುವುದು. ಮೋಟಾರು ಎಂಜಿನಿನ ಹೊಟ್ಟೆಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಆದರೆ ಟರ್ಬೊ ಕೂಡಿಸಿದ ಎಂಜಿನಿನಲ್ಲಿ ಮುಚ್ಚಳವನ್ನು ಓರೆಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಈ ಸಂಗತಿಯನ್ನು ನಾವು ಪುಸ್ತಕದಿಂದ ಕಲಿತುದಕ್ಕಿಂತ ದಿಂಬಂ ಘಟ್ಟದ 27 ತಿರುವುಗಳಿಂದ ಕಲಿತುದೇ ಹೆಚ್ಚು.

ಪಿಸ್ಟನ್ನು ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡಾಡುವಾಗ ಅದರ ಸುತ್ತಲಿನ ರಿಂಗುಗಳು ಉರಿದ ಅನಿಲವನ್ನು ತಡೆದು ನಿಲ್ಲಿಸುತ್ತವೆ. ಎಂಜಿನು ಎಷ್ಟೇ ಹೊಸದಾಗಿರಲಿ, ಈ ತಡೆ ಪೂರ್ಣವಾದುದಲ್ಲ. ಸ್ವಲ್ಪ ಅನಿಲವು ರಿಂಗುಗಳ ಸಂದಿನಿಂದ ನುಸುಳಿ ಕ್ರ್ಯಾಂಕ್‌ಕೇಸನ್ನು, ಎಂದರೆ ಕ್ರ್ಯಾಂಕು ತಿರುಗುವ ಕೆಳಗಿನ ಗೂಡನ್ನು, ಸೇರಿಬಿಡುತ್ತದೆ. ಅದರೊಡನೆ ಉರಿಯದೆ ಉಳಿದ ಪೆಟ್ರೋಲೂ ನೀರಿನ ಆವಿಯೂ ಬರುತ್ತವೆ. ಇವು ಅಲ್ಲಿಯೇ ನಿಂತರೆ ಎಣ್ಣೆಯು ಕೆಟ್ಟು ಕಪ್ಪು ಕೆಸರಾಗುತ್ತದೆ. ಒತ್ತಡ ಏರಿತೆಂದರೆ ಸೀಲುಗಳ ಸಂದಿನಿಂದ ಎಣ್ಣೆ ಹೊರಗೆ ಒಸರುತ್ತದೆ. ಆದಕಾರಣ ಎಂಜಿನಿಗೆ ಉಸಿರು ಬಿಡಲು ಒಂದು ದಾರಿ ಬೇಕೇಬೇಕು.

ಹಿಂದಿನ ಕಾಲದಲ್ಲಿ ಕ್ರ್ಯಾಂಕ್‌ಕೇಸಿನಿಂದ ಒಂದು ಕೊಳವೆಯನ್ನು ನೆಲದ ಕಡೆಗೆ ಇಳಿಯಬಿಟ್ಟು ಸುಮ್ಮನಾಗುತ್ತಿದ್ದರು. ಗಾಡಿ ಓಡುವಾಗ ಬೀಸುವ ಗಾಳಿಯೇ ಆವಿಯನ್ನು ಸೆಳೆದುಕೊಳ್ಳುತ್ತಿತ್ತು. ಗಾಡಿ ನಿಂತರೆ ಸೆಳೆತವೂ ನಿಲ್ಲುತ್ತಿತ್ತು. ಹೊರಬಿದ್ದ ಕೊಳೆಯೆಲ್ಲ ಊರಿನ ಗಾಳಿಯ ಪಾಲಾಗುತ್ತಿತ್ತು. ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿಗೆ ಮೋಟಾರುಗಳ ಅನಿಲವೂ ಕಾರಣವೆಂಬುದನ್ನು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಬಳಿಕ ಕ್ಯಾಲಿಫೋರ್ನಿಯದಲ್ಲಿ 1961ರ ಮಾದರಿಯ ಹೊಸ ಕಾರುಗಳಿಂದ ಮೊದಲ್ಗೊಂಡು, ಈ ಆವಿಯನ್ನು ಹೊರಗೆ ಬಿಡದೆ ಎಂಜಿನಿಗೇ ಮರಳಿ ಉಣಿಸಿ ಉರಿಸುವ ಏರ್ಪಾಡು ಬಂದಿತು. ಸಿಲಿಂಡರುಗಳಿಗೆ ಗಾಳಿಯನ್ನು ಹಂಚುವ ಕೊಳವೆಗೆ ಮ್ಯಾನಿಫೋಲ್ಡು ಎಂದು ಹೆಸರು. ಪೆಟ್ರೋಲ್ ಎಂಜಿನು ನಿಧಾನವಾಗಿ ನಡೆಯುವಾಗ ಅದರಲ್ಲಿ ಬಲವಾದ ಸೆಳೆತವಿರುತ್ತದೆ. ಆ ಸೆಳೆತವೇ ಒಂದು ಚಿಕ್ಕ ಕವಾಟದ ಮೂಲಕ ಕ್ರ್ಯಾಂಕ್‌ಕೇಸಿನ ಆವಿಯನ್ನು ಎಳೆದುಕೊಳ್ಳುತ್ತದೆ.

ಇನ್ನು ಟರ್ಬೊದ ಮಾತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯವರು ಇದಕ್ಕೆ 1905ರಲ್ಲಿಯೇ ಪೇಟೆಂಟು ಪಡೆದಿದ್ದರು. ಮಾರಾಟದ ಕಾರುಗಳಿಗೆ ಅದು 1962ರಲ್ಲಿ ಅಮೆರಿಕದಲ್ಲಿ ಬಂದಿತು. ಹೊರಹೋಗುವ ಹೊಗೆಯು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರವು ಹೊಸ ಗಾಳಿಯನ್ನು ಒತ್ತಿ ಮ್ಯಾನಿಫೋಲ್ಡಿಗೆ ತುಂಬುತ್ತದೆ. ಈ ಅಚ್ಚು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ತೊಡಕಿರುವುದು ಇಲ್ಲಿಯೇ. ನಿಂತಾಗ ಸೆಳೆತವಿದ್ದ ಮ್ಯಾನಿಫೋಲ್ಡಿನಲ್ಲಿ, ಏರು ಹತ್ತುವಾಗ ಒತ್ತಡ ತುಂಬಿಕೊಳ್ಳುತ್ತದೆ. ಆವಿಯನ್ನು ಎಳೆದುಕೊಳ್ಳುತ್ತಿದ್ದ ದಾರಿಯೇ ಆಗ ಗಾಳಿಯನ್ನು ಕ್ರ್ಯಾಂಕ್‌ಕೇಸಿನೊಳಕ್ಕೆ ನುಗ್ಗಿಸುವ ದಾರಿಯಾಗಬಹುದು. ಅದನ್ನು ತಡೆಯಲು ಅಲ್ಲಿ ಒಮ್ಮುಖದ ಕವಾಟವೊಂದನ್ನು ಇಟ್ಟಿರುತ್ತಾರೆ. ಕಮ್ಮಾರನ ತಿದಿಯೊಳಗಿನ ತೊಗಲಿನ ಮುಚ್ಚಳವೂ ಸೈಕಲ್ ಟ್ಯೂಬಿನ ವಾಲ್ವೂ ಮಾಡುವ ಕೆಲಸ ಅದೇ: ಒಂದು ಕಡೆಗೆ ಬಿಡುವುದು, ಇನ್ನೊಂದು ಕಡೆಗೆ ಬಿಡದಿರುವುದು. ಆ ದಾರಿ ಮುಚ್ಚಿದಾಗ ಆವಿಯು ಎರಡನೆಯ ಕೊಳವೆಯಿಂದ ಹೊರಟು, ಟರ್ಬೊ ಗಾಳಿಯನ್ನು ಹೀರಿಕೊಳ್ಳುವ ಬಾಯಿಯನ್ನು ಸೇರುತ್ತದೆ. ಅಲ್ಲಿ ಆಗಲೂ ಅಲ್ಪ ಸೆಳೆತವಿರುತ್ತದೆ. ಹೀಗೆ ವಿಶ್ರಾಂತಿಗೆ ಒಂದು ದಾರಿ, ದುಡಿಮೆಗೆ ಇನ್ನೊಂದು ದಾರಿ.

ತಾಳವಾಡಿಯ ಕಡೆಯ ಒಂದೇ ಶಾಲೆಯ ನಾವು ನಾಲ್ವರು ಉಪಾಧ್ಯಾಯರು ಹಣ ಕೂಡಿಸಿ ಇಂತಹ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದೇವೆ. ತರಬೇತಿಗೋ ಕಚೇರಿಯ ಕೆಲಸಕ್ಕೋ ಸತ್ಯಮಂಗಲಕ್ಕೆ ಇಳಿಯುವಾಗ ಅದು ಯಾವ ತಕರಾರನ್ನೂ ಮಾಡುತ್ತಿರಲಿಲ್ಲ. ಬಣ್ಣಾರಿಯನ್ನು ದಾಟಿ ಮರಳಿ ಘಟ್ಟ ಹತ್ತುವಾಗ ಮಾತ್ರ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹಿಂದೆ ನೀಲಿಹೊಗೆ ಕಾಣುತ್ತಿತ್ತು. ಮೇಲೆ ಬಂದು ಬಾನೆಟ್ ಎತ್ತಿದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿಯು ತನ್ನ ಸ್ಥಾನದಿಂದ ಮೇಲೆದ್ದಿರುತ್ತಿತ್ತು. ಒಂದು ವರ್ಕ್‌ಶಾಪಿನಲ್ಲಿ ನೋಡಿದವರು, ರಿಂಗುಗಳು ಸವೆದು ‘ಬ್ಯಾಕ್ ಕಂಪ್ರೆಶನ್’ ಆಗಿದೆ, ಎಂಜಿನನ್ನು ಬಿಚ್ಚಲೇಬೇಕು, 60,000 ರೂಪಾಯಿ ಆಗಬಹುದೆಂದರು. ಕಾರಿನ ಸಾಲವೇ ಇನ್ನೂ ತೀರದಿದ್ದ ನಮ್ಮ ನಾಲ್ವರ ಮುಖಗಳೂ ಬಾಡಿದುವು. ಮಾರಿಬಿಡೋಣವೆಂಬ ಮಾತೂ ಬಂದಿತು.

ಮಾರುವ ಮೊದಲು ಸತ್ಯಮಂಗಲದ ಹಿರಿಯ ಮೆಕ್ಯಾನಿಕರೊಬ್ಬರಿಗೆ ತೋರಿಸಿದೆವು. ತಮಿಳೂ ಕನ್ನಡವೂ ಬೆರೆತ ತಮ್ಮ ಮಾತಿನಲ್ಲಿ ಅವರು, “ಮೇಷ್ಟ್ರೇ, ಗಾಡಿ ಇಲ್ಲಿ ನಿಂತಿರೋವಾಗ ಏನೂ ತಿಳಿಯಲ್ಲ. ಘಟ್ಟ ಹತ್ತುವಾಗ ಏನಾಗುತ್ತೆ, ಇಳಿಯುವಾಗ ಏನಾಗುತ್ತೆ, ಎರಡನ್ನೂ ಬೇರೆ ಬೇರೆಯಾಗಿ ಹೇಳಿ” ಎಂದರು. ನಾವು ಹೇಳಿದೆವು. ಅವರು ಎಂಜಿನನ್ನು ನಿಧಾನವಾಗಿ ನಡೆಯಬಿಟ್ಟು, ಎಣ್ಣೆ ತುಂಬುವ ಬಾಯಿಯ ಬಿರಡೆ ತೆಗೆದು, ಅದಕ್ಕೆ ತೆಳುವಾದ ರಬ್ಬರು ಕೈಗವಸನ್ನು ಹೊದಿಸಿದರು. ಕೈಗವಸು ಉಬ್ಬದೆ ಮೆಲ್ಲಗೆ ಒಳಕ್ಕೆ ಕುಸಿಯಿತು. ರಿಂಗುಗಳು ಬಹಳವಾಗಿ ಸವೆದಿದ್ದರೆ ಅದು ಬಲೂನಿನಂತೆ ಉಬ್ಬಬೇಕಾಗಿತ್ತು. ಗೇಜು ಹಾಕಿ ಅಳೆದಾಗ ಎಲ್ಲ ಸಿಲಿಂಡರುಗಳ ಒತ್ತಡವೂ ಸರಿಸಮವಾಗಿತ್ತು. ಕೊನೆಗೆ ಅವರು ಮ್ಯಾನಿಫೋಲ್ಡಿನ ಬಳಿಯ ಆ ಚಿಕ್ಕ ಕವಾಟವನ್ನು ಕಿತ್ತು, ಒರಸಿ, ಒಂದು ತುದಿಯಿಂದ ಊದಿದರು, ಗಾಳಿ ಹೋಯಿತು. ತಿರುಗಿಸಿ ಊದಿದರು, ಆಗಲೂ ಹೋಯಿತು. ನಮ್ಮ ಕೈಗೆ ಕೊಟ್ಟು, “ನೀವೇ ಊದಿ ನೋಡಿ” ಎಂದರು.

ಆಗ ಎಲ್ಲವೂ ಸ್ಪಷ್ಟವಾಯಿತು. ಗಾಡಿ ನಿಂತಾಗ ಕವಾಟವು ತೆರೆದೇ ಇರಬೇಕಾದುದರಿಂದ ಅದರ ದೋಷ ಕಾಣುತ್ತಿರಲಿಲ್ಲ. ಏರಿನಲ್ಲಿ ಮುಚ್ಚಬೇಕಾದಾಗ ಅದು ಮುಚ್ಚದೆ, ಟರ್ಬೊ ಒತ್ತಿದ ಗಾಳಿಯೆಲ್ಲ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿತ್ತು. ಆ ಒತ್ತಡವೇ ಕಡ್ಡಿಯನ್ನು ಮೇಲೆತ್ತುತ್ತಿತ್ತು. ಎಣ್ಣೆಯ ತುಂತುರನ್ನು ಎರಡನೆಯ ಕೊಳವೆಯಿಂದ ಟರ್ಬೊದ ಬಾಯಿಗೆ ನೂಕುತ್ತಿತ್ತು. ಇಷ್ಟೇ ಅಲ್ಲದೆ, ಟರ್ಬೊದ ಅಚ್ಚನ್ನು ನೆನೆಸಿದ ಎಣ್ಣೆಯು ತನ್ನ ಭಾರದಿಂದಲೇ ಕೆಳಗಿಳಿದು ಕ್ರ್ಯಾಂಕ್‌ಕೇಸಿಗೆ ಮರಳಬೇಕು. ಅಲ್ಲಿ ಒತ್ತಡವಿದ್ದರೆ ಅದು ಇಳಿಯಲಾರದೆ ಸೀಲುಗಳನ್ನು ದಾಟಿ ಹೊಗೆಯಾಗುತ್ತದೆ. ಹೊಸ ಕವಾಟಕ್ಕೂ, ಬಿಸಿಗೆ ಗಡುಸಾಗಿ ಬಿರಿದಿದ್ದ ಒಂದು ರಬ್ಬರು ಕೊಳವೆಗೂ ಸೇರಿ ಎರಡು ಸಾವಿರ ರೂಪಾಯಿಯೂ ಆಗಲಿಲ್ಲ. ಅಂದು ಸಂಜೆ 27 ತಿರುವುಗಳನ್ನೂ ಹತ್ತಿ ಬಂದು ನೋಡಿದಾಗ ಕಡ್ಡಿಯು ಇದ್ದಲ್ಲಿಯೇ ಇತ್ತು.

ಇಂತಹ ಕಾರುಳ್ಳವರು ಎಣ್ಣೆಯನ್ನು ಹೇಳಿದ ಹೊತ್ತಿಗೆ ಬದಲಾಯಿಸುವುದೂ, ಆಗಲೇ ಉಸಿರಿನ ಕೊಳವೆಗಳನ್ನು ಅದುಮಿ ನೋಡುವುದೂ ಒಳ್ಳೆಯದು. ಎಣ್ಣೆಯ ತುಂತುರನ್ನು ಹಿಡಿದಿಡುವ ಡಬ್ಬಿಯನ್ನು ಕೆಲವರು ನಡುವೆ ಕೂಡಿಸುತ್ತಾರೆ. ಅದನ್ನು ಆಗಾಗ್ಗೆ ಬರಿದುಮಾಡದಿದ್ದರೆ ಉಪಕಾರಕ್ಕೆ ಬದಲು ಅಪಕಾರವೇ ಆದೀತು. ಆವಿಯ ದಾರಿಯನ್ನು ಬಿರಡೆಯಿಟ್ಟು ಮುಚ್ಚುವುದಂತೂ ಎಂದಿಗೂ ಸಲ್ಲದು.

ಗಡಿಯ ಶಾಲೆಯ ಉಪಾಧ್ಯಾಯರಾದ ನಮಗೆ ಇದರಲ್ಲಿ ಇನ್ನೊಂದು ವಿಚಾರವೂ ಹೊಳೆಯದಿರಲಿಲ್ಲ. ನಮ್ಮ ಕೊಠಡಿಯಲ್ಲಿ ನಮ್ಮ ನುಡಿಯಲ್ಲಿ ಉತ್ತರ ಹೇಳುವ ಮಗು ಚೆನ್ನಾಗಿಯೇ ಹೇಳುತ್ತದೆ. ಮೇಲಿನ ತರಗತಿಗೆ ಹತ್ತಿ, ಬೇರೆ ನುಡಿಯ ಪಾಠದ ಒತ್ತಡ ಬಿದ್ದಾಗ ಅದಕ್ಕೆ ಉಸಿರಾಡುವ ಎರಡನೆಯ ದಾರಿ ಇದೆಯೇ ಎಂಬುದನ್ನು ಇಲ್ಲಿ ಕುಳಿತಿರುವಾಗ ನಾವು ಕಾಣಲಾರೆವು. ಹತ್ತಿ ಹೋದ ಮಕ್ಕಳು ರಜೆಗೆ ಬಂದಾಗ ಕರೆದು ಕೇಳಿಯೇ ತಿಳಿಯಬೇಕು. ಈ ವರ್ಷದಿಂದ ನಾವು ಹಾಗೆ ಕೇಳತೊಡಗಿದ್ದೇವೆ.

ಆ ಕೆಟ್ಟ ಕವಾಟವನ್ನು ಸಾಬೂನಿನಿಂದ ತೊಳೆದು ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಸೈಕಲ್ ವಾಲ್ವಿನ ಪಕ್ಕಕ್ಕೆ ಇಟ್ಟಿದ್ದೇವೆ. ಮಕ್ಕಳು ಎರಡಕ್ಕೂ ರಬ್ಬರು ನಳಿಗೆ ಸಿಕ್ಕಿಸಿ ಎರಡು ಕಡೆಯಿಂದಲೂ ಪಂಪಿನಿಂದ ಗಾಳಿ ಹಾಯಿಸಿ ನೋಡುತ್ತಾರೆ. ಕೆಟ್ಟುದು ಯಾವುದೆಂದು ಹೇಳಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.