ಲೀಫ್‌ನೋಡ್, ತಂಬುಳಿ ಮತ್ತು ಅಮ್ಮನ ಒಂದು ಉತ್ತರ

ಹೋದ ವಾರ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದ ರಾಸ್ಪ್‌ಬೆರಿ ಪೈಗೆ ಲೀಫ್‌ನೋಡ್ ಹಾಕಿದೆ. "ಯೂಸ್‌ನೆಟ್ಟಾ? ಅದಿನ್ನೂ ಬದುಕಿದೆಯೇನೋ?" ಅಂತ ಗೆಳೆಯನೊಬ್ಬ ನಕ್ಕ. ಬದುಕಿದೆ ಮಾರಾಯ. ಸಿ ಭಾಷೆಯ ಗುಂಪಿನಲ್ಲಿ ಇವತ್ತಿಗೂ ಜನ ಕಿತ್ತಾಡ್ತಾನೇ ಇದ್ದಾರೆ :) ಆದರೆ ನಾನು ಇದನ್ನ ಮತ್ತೆ ಹಾಕಿಕೊಂಡಿದ್ದರ ಹಿಂದೆ ಒಂದು ಹಳೇ ಕತೆ ಇದೆ. ಹೇಳಿಬಿಡ್ತೀನಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಯೂಸ್‌ನೆಟ್ಟಿನ ಯೋಚನೆ ಮಾಡಿದರು. ಹತ್ತಿರದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಅದರ ಮೊದಲ ರೂಪವನ್ನ ಶೆಲ್ ಸ್ಕ್ರಿಪ್ಟಿನಲ್ಲಿ ಬರೆದರು. ಒಂದು ಕಂಪ್ಯೂಟರು ಇನ್ನೊಂದಕ್ಕೆ ಫೋನ್ ಮಾಡಿ, ತನ್ನ ಹತ್ತಿರ ಇರೋ ಬರಹಗಳನ್ನ ಕೊಟ್ಟು, ಅಲ್ಲಿರೋ ಹೊಸದನ್ನ ತಗೊಂಡು ಬರೋದು. ಇದಕ್ಕೆ ಒಬ್ಬ ಯಜಮಾನ ಅಂತ ಇಲ್ಲ. ಪ್ರತಿ ಸರ್ವರ್ರೂ ತನ್ನದೊಂದು ಪ್ರತಿ ಇಟ್ಟುಕೊಳ್ಳುತ್ತೆ, ಮತ್ತು ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನೋದನ್ನ ತಾನೇ ತೀರ್ಮಾನ ಮಾಡುತ್ತೆ. ಈ ಕೊನೆಯ ಮಾತು ನೆನಪಿರಲಿ.

2002ನೇ ಇಸವಿ. ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಒಂದು ಫೋನು, ಒಂದು ಮೋಡೆಮ್ಮು. ನಾನು ಅಂತರ್ಜಾಲಕ್ಕೆ ಹೋದರೆ ಫೋನ್ ಎಂಗೇಜು. ತೀರ್ಥಹಳ್ಳಿಯಿಂದ ಅಕ್ಕ ಫೋನ್ ಮಾಡಿ ಮಾಡಿ ಸಾಕಾಗಿ ಬೈತಿದ್ದಳು. ಬಿಲ್ಲು ಬಂದಾಗ ನಾನೇ ನನ್ನನ್ನ ಬೈಕೊಳ್ತಿದ್ದೆ. ಆಗ ಸಿಕ್ಕಿದ್ದು ಲೀಫ್‌ನೋಡ್. ಆರ್ನ್ಟ್ ಗುಲ್ಬ್ರಾಂಡ್ಸೆನ್ ಎಂಬಾತ ಶುರು ಮಾಡಿದ ಪುಟ್ಟ ತಂತ್ರಾಂಶ. ಅದು ನಿಮ್ಮ ಮನೆಯ ಕಂಪ್ಯೂಟರನ್ನೇ ಒಂದು ಚಿಕ್ಕ ನ್ಯೂಸ್ ಸರ್ವರ್ ಮಾಡುತ್ತೆ. ರಾತ್ರಿ ಹತ್ತು ನಿಮಿಷ ಫೋನ್ ಹಚ್ಚಿ 'ಫೆಚ್‌ನ್ಯೂಸ್' ಅಂದರೆ ಬೇಕಾದ್ದನ್ನೆಲ್ಲ ಎಳೆದು ತರುತ್ತೆ. ಮಾರನೇ ದಿನ ಫೋನಿನ ಹಂಗಿಲ್ಲದೆ ನಿಧಾನಕ್ಕೆ ಓದಬಹುದು. ನಾವು ಬರೆದ ಉತ್ತರಗಳು ಒಂದು ಫೋಲ್ಡರಿನಲ್ಲಿ ಕಾಯ್ತಾ ಕೂತಿದ್ದು, ಮುಂದಿನ ಸಲ ಫೋನ್ ಹಚ್ಚಿದಾಗ ಹೊರಡುತ್ತವೆ.

ಹಾಕೋದು ಅಷ್ಟು ಸುಲಭ ಆಗಲಿಲ್ಲ. ಶುರುವಿನಲ್ಲೇ ಲೀಫ್‌ನೋಡ್ ಮುಖ ಸಿಂಡರಿಸಿಕೊಂಡು ನಿಂತಿತು. ಕಂಪ್ಯೂಟರಿಗೆ ಡೊಮೈನ್ ಸಮೇತ ಪೂರ್ತಿ ಹೆಸರು ಇರಬೇಕಂತೆ. ಬರೀ 'ಲೋಕಲ್‌ಹೋಸ್ಟ್' ಅಂದರೆ ಒಪ್ಪಲ್ಲ. ಊರಿನ ಹಿರಿಯರು ಜಗಲಿಯಲ್ಲಿ ಕೂತು "ಯಾವ ಊರು, ಯಾರ ಮನೆಯವನು?" ಅಂತ ಕೇಳ್ತಾರಲ್ಲ, ಹಾಗೆ. ಅದಕ್ಕೆ ಕಾರಣನೂ ಇದೆ. ಪ್ರತಿ ಬರಹಕ್ಕೂ ಜಗತ್ತಿನಲ್ಲಿ ಇನ್ನೊಂದಕ್ಕೆ ಇಲ್ಲದ ಗುರುತಿನ ಸಂಖ್ಯೆ ಬೇಕು, ಅದನ್ನ ಈ ಹೆಸರಿನಿಂದಲೇ ಕಟ್ಟೋದು. ಮೂರು ರಾತ್ರಿ ಒದ್ದಾಡಿ ಸರಿ ಮಾಡಿದೆ.

ಲೀಫ್‌ನೋಡ್‌ನ ಜಾಣತನ ಏನು ಅಂದರೆ, ಎಲ್ಲ ಗುಂಪುಗಳನ್ನೂ ತರಲ್ಲ. ನೀವು ಒಂದು ಗುಂಪನ್ನ ತೆರೆದರೆ ಮೊದಲು ಅಲ್ಲಿ ಒಂದೇ ಒಂದು ಚೀಟಿ ಕಾಣುತ್ತೆ: ಸ್ವಲ್ಪ ತಾಳಿ, ಮುಂದಿನ ಸಲ ತರ್ತೀನಿ ಅಂತ. ಆಮೇಲೆ ದಿನಾ ತರುತ್ತೆ. ನೀವು ಒಂದು ವಾರ ಆ ಕಡೆ ತಲೆ ಹಾಕದಿದ್ದರೆ ತರೋದನ್ನ ನಿಲ್ಲಿಸುತ್ತೆ. ಹಳೆಯದನ್ನ ಗುಡಿಸೋಕೆ 'ಟೆಕ್ಸ್‌ಪೈರ್' ಅಂತ ಇನ್ನೊಂದು ಪ್ರೋಗ್ರಾಮು. ನಾನು ಅದಕ್ಕೆ 20 ದಿನ ಅಂತ ಗಡುವು ಕೊಟ್ಟಿದ್ದೆ. ಆದರೆ ಅದೂ ಕುರುಡಾಗಿ ಗುಡಿಸಲ್ಲ. ಒಂದು ಚರ್ಚೆಯನ್ನ ನೀವು ಇತ್ತೀಚೆಗೆ ಓದಿದ್ದರೆ, ಆ ಚರ್ಚೆಯ ಇಡೀ ಎಳೆಯನ್ನೇ ಉಳಿಸುತ್ತೆ. ಓದ್ತಾ ಇದ್ದರೆ ಇರುತ್ತೆ, ಬಿಟ್ಟರೆ ಹೋಗುತ್ತೆ. ಈ ನಿಯಮ ನನಗೆ ಬಹಳ ಹಿಡಿಸಿತ್ತು.

ನಾನು ಓದ್ತಿದ್ದದ್ದು ಲಿನಕ್ಸಿನ ಒಂದೆರಡು ಗುಂಪು, ಜೊತೆಗೆ ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ. ಅಲ್ಲಿ ಅಮೆರಿಕದಲ್ಲಿದ್ದ ಒಬ್ಬರು ಮಲೆನಾಡಿನ ತಮ್ಮ ಅಜ್ಜಿಮನೆಯ ಅಡಿಗೆ ಬಗ್ಗೆ ಕಂತು ಕಂತಾಗಿ ಬರೀತಿದ್ದರು. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಆಗ ಅಲ್ಲಿ ಹಾಗೇ ಬರೀತಿದ್ದದ್ದು. ಅಮ್ಮನಿಗೆ ಅದನ್ನ ಓದಿ ಹೇಳ್ತಿದ್ದೆ. ಸಂಜೆ ಆಫೀಸಿಂದ ಬಂದ ತಕ್ಷಣ ಅಮ್ಮನ ಪ್ರಶ್ನೆ: "ಆ ಅಮೆರಿಕದ ಮಾಣಿ ಎಂತ ಬರ್ದಿದಾನೆ ಇವತ್ತು?" ಬರೆದವರಿಗೆ ಐವತ್ತು ದಾಟಿತ್ತು ಅಂತ ಕಾಣುತ್ತೆ, ಅಮ್ಮನಿಗೆ ಮಾತ್ರ ಮಾಣಿ!

ಒಂದು ದಿನ ಅವರು ಅಲ್ಲಿ ಒಂದೆಲಗ ಸಿಗದೆ ಪಾಲಕ್ ಸೊಪ್ಪಿನ ತಂಬುಳಿ ಮಾಡಿದ್ದನ್ನೂ, ಮಜ್ಜಿಗೆ ಹಾಕಿದ ಮೇಲೆ ಒಂದು ಕುದಿ ಕುದಿಸಿದ್ದನ್ನೂ ಬರೆದರು. ಅಮ್ಮ ಎದ್ದು ಕೂತರು. "ಕುದಿಸಿದ್ರೆ ಅದು ತಂಬುಳಿ ಹ್ಯಾಂಗಾಗತ್ತೆ? ಹೆಸರಲ್ಲೇ ತಂಪು ಇದೆ. ಬರಿ, ನಾನು ಹೇಳ್ತೆ." ಅಮ್ಮ ಹೇಳಿದರು, ನಾನು ಟೈಪ್ ಮಾಡಿದೆ. ಜೀರಿಗೆ, ಮೆಣಸು ಹುರಿಯೋದರಿಂದ ಹಿಡಿದು ಕಾಯಿ ಎಷ್ಟು ಅನ್ನೋ ತನಕ. ರಾತ್ರಿ ಫೆಚ್‌ನ್ಯೂಸ್ ಹೊತ್ತುಕೊಂಡು ಹೋಯಿತು. ಎರಡು ದಿನಕ್ಕೆ ಅವರ ಉತ್ತರ ಬಂತು, ಎರಡು ಪುಟದಷ್ಟು. ತಮ್ಮ ಅಜ್ಜಿಯೂ ಹೀಗೇ ಬೈತಿದ್ದರು ಅಂತ. ಅಮ್ಮ ಅದನ್ನ ನನ್ನ ಹತ್ತಿರ ಅದೆಷ್ಟು ಸಲ ಓದಿಸಿದರೋ.

ಅದೇ ಸಮಯಕ್ಕೆ ನನಗೊಂದು ಬುದ್ಧಿವಂತಿಕೆ ಬಂತು. ಹಳೇ ಹಾರ್ಡ್ ಡಿಸ್ಕು, ನಿಧಾನ. ಲಿನಕ್ಸಿನ ಗುಂಪಿನಲ್ಲೇ ಯಾರೋ ಹೇಳಿದ್ದರು, ಡಿಸ್ಕಿಗೆ 'ನೋಏಟೈಮ್' ಅಂತ ಕೊಡಿ, ವೇಗ ಆಗುತ್ತೆ ಅಂತ. ಆಗ ಮಾಮೂಲಾಗಿ ಒಂದು ಫೈಲನ್ನ ಓದಿದಾಗಲೆಲ್ಲ ಲಿನಕ್ಸು ಯಾವಾಗ ಓದಿದ್ದು ಅಂತ ಸಮಯ ಬರೆದಿಡ್ತಿತ್ತು. ನೋಏಟೈಮ್ ಕೊಟ್ಟರೆ ಬರೆಯಲ್ಲ. ಕೊಟ್ಟೆ. ವೇಗವೂ ಆಯಿತು.

ಟೆಕ್ಸ್‌ಪೈರ್ ನೋಡ್ತಿದ್ದದ್ದು ಅದೇ ಸಮಯವನ್ನ! ನಾವು ದಿನಾ ಓದ್ತಿದ್ದೆವು, ಅದಕ್ಕೆ ಗೊತ್ತಾಗ್ತಿರಲಿಲ್ಲ. ಎಳೆಯಲ್ಲಿ ಕೊನೆಯ ಬರಹ ಬಂದು ಇಪ್ಪತ್ತು ದಿನ ದಾಟಿದ ಒಂದು ರಾತ್ರಿ ಅಷ್ಟನ್ನೂ ಗುಡಿಸಿ ಹಾಕಿತು. ಬೆಳಿಗ್ಗೆ ನೋಡಿದರೆ ತಂಬುಳಿ ಇಲ್ಲ, ಅಜ್ಜಿಮನೆ ಇಲ್ಲ. ನಾನು ತರಿಸುತ್ತಿದ್ದ ಸರ್ವರಿನಲ್ಲೂ ಗಡುವು ಮುಗಿದಿತ್ತು. ಅವರು ಬರೆಯೋದನ್ನ ಅಷ್ಟರಲ್ಲಿ ನಿಲ್ಲಿಸಿದ್ದರು. ಮೇಲ್ ಮಾಡೋಣ ಅಂದರೆ ಸ್ಪ್ಯಾಮ್ ಕಾಟಕ್ಕೆ ಎಲ್ಲರೂ ಮಾಡ್ತಿದ್ದ ಹಾಗೆ ಸುಳ್ಳು ವಿಳಾಸ ಕೊಟ್ಟಿದ್ದರು.

ಗೂಗಲ್ ಗ್ರೂಪ್ಸ್‌ನಲ್ಲಿ ಹುಡುಕಿದೆ. 2001ರಲ್ಲಿ ಗೂಗಲ್ಲು ಡೇಜಾ ನ್ಯೂಸ್‌ನ ಸಂಗ್ರಹ ಕೊಂಡುಕೊಂಡು, ಅದೇ ವರ್ಷ ಡಿಸೆಂಬರ್ ಹೊತ್ತಿಗೆ ಇಪ್ಪತ್ತು ವರ್ಷದ ಯೂಸ್‌ನೆಟ್ಟನ್ನ ಜನರ ಮುಂದಿಟ್ಟಿತ್ತು. ಅಲ್ಲೂ ಅವರ ಒಂದು ಕಂತೂ ಇಲ್ಲ. ಆಗ ಬರಹದ ತಲೆಯ ಸಾಲುಗಳಲ್ಲಿ 'ಎಕ್ಸ್-ನೋ-ಆರ್ಕೈವ್' ಅಂತ ಹಾಕಿದರೆ ಇಂಥ ಸಂಗ್ರಹಗಳು ಅದನ್ನ ಶಾಶ್ವತವಾಗಿ ಇಟ್ಟುಕೊಳ್ತಿರಲಿಲ್ಲ. ಬಹುಶಃ ಅವರು ಅದನ್ನ ಹಾಕಿದ್ದರು. ಅದು ಅವರ ಇಷ್ಟ, ತಪ್ಪೇನಿಲ್ಲ.

ಆದರೆ ನಮ್ಮ ಉತ್ತರ ಇತ್ತು! ಅಮ್ಮ ಹೇಳಿ ಬರೆಸಿದ್ದು, ಹಾಗ್ಹಾಗೇ. ಅದರ ಮೇಲೆ, ಯೂಸ್‌ನೆಟ್ಟಿನ ಪದ್ಧತಿಯಂತೆ ಮುಂದೆ > ಗುರುತು ಹಾಕಿ ನಾನು ಉಳಿಸಿಕೊಂಡಿದ್ದ ಅವರ ನಾಲ್ಕು ಸಾಲು. ಪಾಲಕ್ಕು, ಮಜ್ಜಿಗೆ, ಒಂದು ಕುದಿ. ಅವರ ಅಷ್ಟೂ ಕಂತಿನಲ್ಲಿ ನನ್ನ ಪಾಲಿಗೆ ಉಳಿದದ್ದು ಅಮ್ಮ ಜಗಳ ಆಡಿದ ಆ ನಾಲ್ಕೇ ಸಾಲು.

2024ರ ಫೆಬ್ರವರಿ 22ರಿಂದ ಗೂಗಲ್ ಗ್ರೂಪ್ಸು ಯೂಸ್‌ನೆಟ್ಟಿನ ಹೊಸ ಬರಹಗಳನ್ನ ತಗೊಳ್ಳೋದು ನಿಲ್ಲಿಸಿತು. ಹಳೆಯದು ಹಾಗೇ ಇರುತ್ತೆ ಅಂದಿದ್ದಾರೆ. ಇರಲಿ. ನನಗೆ ಮಾತ್ರ ಇನ್ನೊಬ್ಬರ ಅಟ್ಟದ ಮೇಲೆ ಭಾರ ಹಾಕಿ ಕೂರೋಕೆ ಮನಸ್ಸಾಗಲಿಲ್ಲ. ಎಟರ್ನಲ್ ಸೆಪ್ಟೆಂಬರ್ ಅನ್ನೋ ಪುಕ್ಕಟೆ ಸರ್ವರಿನಲ್ಲಿ ಖಾತೆ ಮಾಡಿ, ಪೈಗೆ ಲೀಫ್‌ನೋಡ್ ಹಾಕಿದೆ. ಈ ಸಲವೂ ಗುಂಡಿ ಕಾದಿತ್ತು ನೋಡಿ: ರಾಸ್ಪ್‌ಬೆರಿ ಪೈ ಓಎಸ್ ಮೆಮೊರಿ ಕಾರ್ಡ್ ಸವೆಯದಿರಲಿ ಅಂತ ನೋಏಟೈಮ್ ಹಾಕಿಕೊಂಡೇ ಬರುತ್ತೆ! ಅದನ್ನ 'ರೆಲಟೈಮ್' ಅಂತ ಬದಲಾಯಿಸಿದೆ. ಅದು ಓದಿದ ಸಮಯವನ್ನ ಸುಮಾರು ದಿನಕ್ಕೊಂದು ಸಲವಾದರೂ ಬರೆಯುತ್ತೆ. ಟೆಕ್ಸ್‌ಪೈರ್‌ಗೆ ಅಷ್ಟು ಸಾಕು. ನೀವೂ ಹಾಕಿಕೊಳ್ಳೋದಾದರೆ ಮೊದಲು ಆ ಸಾಲು ನೋಡಿ. ತೀರಾ ಬೇಕಾದ ಗುಂಪಿಗೆ 'ಗ್ರೂಪ್‌ಎಕ್ಸ್‌ಪೈರ್' ಅಂತ ಬೇರೆಯೇ ದೊಡ್ಡ ಗಡುವು ಕೊಡಬಹುದು. ಮನಸ್ಸಿಗೆ ಹತ್ತಿರ ಆದದ್ದನ್ನ ಮಾತ್ರ ಅವತ್ತೇ ಬೇರೆ ಕಡೆ ಪ್ರತಿ ಮಾಡಿಡಿ.

ಕರ್ನಾಟಕದ ಗುಂಪು ತೆರೆದಾಗ ಬಿಕೋ ಅಂತಿತ್ತು. ಆದರೂ ದಿನಾ ಒಂದು ಸಲ ತೆರೆದು ಮುಚ್ಚುತ್ತೇನೆ. ಇಲ್ಲದಿದ್ದರೆ ಒಂದು ವಾರಕ್ಕೆ ಲೀಫ್‌ನೋಡ್ ಕೇಳೋದನ್ನೇ ಬಿಟ್ಟುಬಿಡುತ್ತಲ್ಲ.

ಅಮ್ಮನಿಗೆ ಈಗ ಕಿವಿ ಸ್ವಲ್ಪ ಮಂದ. ಮೊನ್ನೆ ಆ ಉತ್ತರ ಮತ್ತೆ ಗಟ್ಟಿಯಾಗಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಂದರು:

"ಆ ಮಾಣಿ ಈಗಾದ್ರೂ ಕುದಿಸೋದು ಬಿಟ್ನಾ?"